ತುಕ್ಕಾನಟ್ಟಿಗೆ ಹೋದ ಮೂರು ಕೂಲರ್‌ಗಳು

೧೯೯೭ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಹೆಸರು ಹಚ್ಚುವ ಬದಲು ನಾನು ಗೋಕಾಕದ ಒಂದು ಟಿ.ವಿ. ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ನಪಾಸಾಗಿ ಬಿಟ್ಟವನಲ್ಲ. ಏಳನೆಯ ತರಗತಿಯ ಗಣಿತದಲ್ಲಿ ನೂರಕ್ಕೆ ಎಂಬತ್ತೊಂದು ಬಂದಿತ್ತು. ಅಪ್ಪನ ಕಾಲು ಮುರಿದಿತ್ತು, ಮನೆಗೆ ಒಂದು ಪಗಾರ ಬೇಕಿತ್ತು, ಅಷ್ಟೇ. ಟಿ.ವಿ.ಯಿಂದ ಯುಪಿಎಸ್‌ಗೆ, ಯುಪಿಎಸ್‌ನಿಂದ ಕಂಪ್ಯೂಟರಿಗೆ ಬಂದೆ. ೨೦೦೬ರಲ್ಲಿ ನನ್ನದೇ ಅಂಗಡಿ ತೆಗೆದೆ. ಬಿಡಿಭಾಗ ತರಿಸಿ ಗಿರಾಕಿಗೆ ಬೇಕಾದಂತೆ ಕಂಪ್ಯೂಟರ್ ಕಟ್ಟಿಕೊಡುವುದು ನನ್ನ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಿಂದ ಜನ ಬರುತ್ತಾರೆ. ನಾನು ಕಟ್ಟಿದ ಯಂತ್ರ ಮರಳಿ ಬರುವುದು ಅಪರೂಪ. ೨೦೨೫ರ ಬೇಸಿಗೆಯಲ್ಲಿ ಒಂದೇ ಯಂತ್ರ ಆರು ವಾರದಲ್ಲಿ ನಾಲ್ಕು ಸಲ ಮರಳಿ ಬಂತು. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ನನ್ನ ಒಂದು ನಿಯಮ ಹೇಳಬೇಕು. ಅಂಗಡಿಯ ಗೋಡೆಗೆ ‘ಮನೆಗೆ ಬಂದು ರಿಪೇರಿ ಮಾಡಲಾಗುವುದಿಲ್ಲ’ ಎಂದು ಬೋರ್ಡ್ ಹಾಕಿದ್ದೆ. ೨೦೦೮ರಲ್ಲಿ ಒಂದು ದೊಡ್ಡ ಮನೆಗೆ ಕರೆದಿದ್ದರೆಂದು ಹೋಗಿದ್ದೆ. ಎರಡು ತಾಸು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದರು. ಒಳಗೆ ಕರೆದ ಮೇಲೆ ಮನೆಯ ಯಜಮಾನರು ಎಷ್ಟು ಕಲಿತಿದ್ದೀ ಎಂದು ಕೇಳಿದರು. ಏಳನೇತ್ತ ಎಂದೆ. ಹಾಗಾದರೆ ಬೆಳಗಾವಿಯಿಂದ ಡಿಗ್ರಿಯಾದವರನ್ನು ಕರೆಸುತ್ತೇವೆ ಎಂದು ಕಳಿಸಿದರು. ಚೀಲ ಬಿಚ್ಚಲಿಕ್ಕೂ ಬಿಡಲಿಲ್ಲ. ಮರುವಾರವೇ ಬೋರ್ಡ್ ಬರೆಸಿದೆ. ಯಂತ್ರ ನನ್ನ ಮೇಜಿಗೆ ಬರಲಿ, ಯಾರ ಮನೆಯ ಹೊಸ್ತಿಲಿಗೂ ನಾನು ಹೋಗುವುದಿಲ್ಲ ಎಂದು ಹದಿನೇಳು ವರ್ಷ ನಡೆಸಿದೆ.

೨೦೨೫ರ ಮಾರ್ಚ್ ನಡುವೆ ತುಕ್ಕಾನಟ್ಟಿಯಿಂದ ರೇಣುಕಾ ಎಂಬ ಹೆಣ್ಣುಮಗಳು ಅಂಗಡಿಗೆ ಬಂದಳು, ಜೊತೆಗೆ ಅವಳ ಅಣ್ಣ ಬೀರಪ್ಪ. ಕುರಿ ಸಾಕುವ ಮನೆತನ. ಈಗ ನಾಲ್ಕು ಎಕರೆ ಕಬ್ಬೂ ಇದೆ, ನೂರರ ಹತ್ತಿರ ಕುರಿಯೂ ಇವೆ. ರೇಣುಕಾ ಗೋಕಾಕದ ಒಂದು ಸ್ಟುಡಿಯೋದಲ್ಲಿ ಐದು ವರ್ಷ ಮದುವೆ ವಿಡಿಯೋ ಎಡಿಟ್ ಮಾಡಿದವಳು. ದಿನಾ ಬಸ್ಸಿನಲ್ಲಿ ಬಂದುಹೋಗಿ ಸಾಕಾಗಿ, ಮನೆಯಲ್ಲೇ ಸ್ವಂತ ಕೆಲಸ ಹಿಡಿಯಬೇಕೆಂದು ಹೊರಟಿದ್ದಳು. ಹುಕ್ಕೇರಿಯ ಒಬ್ಬ ಸ್ಟುಡಿಯೋ ಮಾಲೀಕರು, ಸದಾಶಿವ ಎಂದು ಅವರ ಹೆಸರು, ಅವಳಿಗೆ ಆರು ಮದುವೆಗಳ ಕೆಲಸ ಒಪ್ಪಿಸುವುದಾಗಿ ಮಾತು ಕೊಟ್ಟಿದ್ದರು. ಶೂಟಿಂಗ್ ಮುಗಿದ ಹತ್ತು ದಿನದೊಳಗೆ ಒಂದೊಂದು ವಿಡಿಯೋ ತಯಾರಾಗಬೇಕು. ಆರೂ ಸರಿಯಾಗಿ ಬಂದರೆ ಮುಂದೆ ವರ್ಷವಿಡೀ ಕೆಲಸ ಅವಳಿಗೇ. ತಪ್ಪಿದರೆ ಹತ್ತರಗಿಯಲ್ಲಿ ಇನ್ನೊಬ್ಬ ಎಡಿಟರ್ ಕಾಯುತ್ತಿದ್ದ.

ಎಡಿಟ್ ಮಾಡಿದ ತುಣುಕುಗಳನ್ನೆಲ್ಲ ಒಂದೇ ಫೈಲಿಗೆ ಹೆಣೆಯುವುದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಆಗ ಪ್ರೊಸೆಸರ್ ಪೂರ್ತಿ ಬಲ ಹಾಕಿ ದುಡಿಯುತ್ತದೆ, ವಿಪರೀತ ಕಾಯುತ್ತದೆ. ಅದರ ತಲೆಯ ಮೇಲೆ ಕೂತು ಶಾಖ ಹೀರಿ ಹೊರಹಾಕುವ ಸಾಧನವೇ ಕೂಲರ್. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಒಂದು ಚಿಕ್ಕ ಕೂಲರ್ ಬರುತ್ತದೆ. ಅದು ಸಾಕಲ್ಲವೇ ಎಂದು ಬೀರಪ್ಪ ಕೇಳಿದ. ಆಫೀಸಿನ ಟೈಪಿಂಗ್‌ಗೆ ಸಾಕು, ಈ ಕೆಲಸಕ್ಕೆ ಸಾಲದು ಎಂದೆ. ನಾಲ್ಕು ತಾಮ್ರದ ಕೊಳವೆ, ಒಂದು ದೊಡ್ಡ ಫ್ಯಾನ್, ೧೫೪ ಮಿಲಿಮೀಟರ್ ಎತ್ತರದ ಟವರ್ ಕೂಲರ್ ಆರಿಸಿದೆ. ಕೂಲರ್ ಆರಿಸುವಾಗ ನಾನು ಮೂರು ಸಂಗತಿ ನೋಡುತ್ತೇನೆ. ಪ್ರೊಸೆಸರ್ ಎಷ್ಟು ವ್ಯಾಟ್ ಶಾಖ ಉಗುಳುತ್ತದೆ, ಕೂಲರ್ ಎತ್ತರಕ್ಕೆ ಕ್ಯಾಬಿನೆಟ್ಟಿನ, ಅಂದರೆ ಎಲ್ಲ ಭಾಗ ಕೂಡಿಸುವ ಪೆಟ್ಟಿಗೆಯ ಬಾಗಿಲು ಮುಚ್ಚುತ್ತದೆಯೋ ಇಲ್ಲವೋ, ಬಾಜೂ ಇರುವ ರ‍್ಯಾಮ್ ಪಟ್ಟಿಗೆ ಫ್ಯಾನ್ ತಾಗುತ್ತದೆಯೋ ಏನೋ. ಮೂರೂ ಸರಿಯಿದ್ದವು. ಆ ಆಯ್ಕೆ ತಪ್ಪಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ.

ಕ್ಯಾಬಿನೆಟ್ ಮಾತ್ರ ಬೀರಪ್ಪ ಆರಿಸಿದ್ದು. ಮುಂದೆಯೂ ಪಕ್ಕಕ್ಕೂ ಗಾಜು, ಒಳಗೆ ಬಣ್ಣದ ದೀಪ. ಮುಂದೆ ಗಾಜಿರುವುದರಿಂದ ಇಂಥ ಕ್ಯಾಬಿನೆಟ್ ಗಾಳಿಯನ್ನು ಬುಡದಿಂದ ಎಳೆಯುತ್ತದೆ. ಬುಡದಲ್ಲಿ ಮೂರು ಫ್ಯಾನ್ ಇರುತ್ತವೆ. ಇದು ನನಗೆ ಗೊತ್ತಿತ್ತು. ಅವರಿಗೆ ಹೇಳಲಿಲ್ಲ. ಮೇಜಿನ ಮೇಲೆ ಇಡುವ ವಸ್ತು, ಕೆಳಗೆ ರಬ್ಬರ್ ಕಾಲಿವೆ, ಹೇಳುವಂಥದ್ದೇನಿದೆ ಎಂದುಕೊಂಡಿದ್ದೆ.

ಅಂಗಡಿಯಲ್ಲಿ ಎರಡು ತಾಸು ರೆಂಡರ್ ಓಡಿಸಿದೆ. ಪ್ರೊಸೆಸರ್ ೭೨ ಡಿಗ್ರಿಯಲ್ಲಿ ನಿಂತಿತು. ಯುಗಾದಿಯ ದಿನ ಬೆಳಿಗ್ಗೆ ಬಂದು ಒಯ್ದರು.

ಎರಡನೆಯ ವಾರ ರೇಣುಕಾಳ ಫೋನ್ ಬಂತು. ನಲವತ್ತು ನಿಮಿಷದ ರೆಂಡರ್ ಎರಡೂವರೆ ತಾಸು ಹಿಡಿಯುತ್ತಿದೆ, ಪರದೆಯ ಮೇಲೆ ೯೫ ಡಿಗ್ರಿ ತೋರಿಸುತ್ತಿದೆ ಎಂದಳು. ಅಷ್ಟು ಕಾವೇರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಯಂತ್ರ ತರಲು ಹೇಳಿದೆ. ಬೀರಪ್ಪ ಬೈಕಿನ ಹಿಂದೆ ಒಬ್ಬನನ್ನು ಕೂಡಿಸಿಕೊಂಡು, ಯಂತ್ರಕ್ಕೆ ಕರಿ ಕಂಬಳಿ ಸುತ್ತಿ, ಕೂಸಿನಂತೆ ಅವನ ತೊಡೆಯ ಮೇಲೆ ಇಡಿಸಿ ತಂದ. ಒಳ್ಳೆಯ ಪ್ಯಾಕಿಂಗ್, ಗಾಜಿಗೆ ಏಟು ಬೀಳುವುದಿಲ್ಲ ಎಂದು ಮೆಚ್ಚಿದೆ. ಬುಡದ ಜಾಳಿಗೆಯಲ್ಲಿ ಕರಿ ಉಣ್ಣೆಯ ಎಳೆಗಳು ಹಿಡಿದಿದ್ದವು. ಸುತ್ತಿ ತಂದ ಕಂಬಳಿಯದು ಎಂದು ಬ್ರಷ್ ಹೊಡೆದೆ. ಓಡಿಸಿ ನೋಡಿದರೆ ೭೨. ಕೂಲರ್ ಬಿಚ್ಚಿ, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ೭೧ ಆಯಿತು. ಕಳಿಸಿದೆ.

ನಾಲ್ಕು ದಿನಕ್ಕೆ ಮತ್ತೆ ಅದೇ ಫೋನು. ಈ ಸಲ ನನಗೆ ಸಿಟ್ಟು ಬಂತು. ಕೂಲರ್ ಒಳಗಿನ ಕೊಳವೆಯೇ ಸತ್ತಿರಬೇಕು, ಕೆಲಸದ ಹೊರೆ ಜಾಸ್ತಿಯಾದಾಗ ಕೈ ಕೊಡುತ್ತದೆ ಎಂದು ತೀರ್ಮಾನಿಸಿದೆ. ಬೆಳಗಾವಿಯಿಂದ ಜೋಡಿ ಟವರ್ ಕೂಲರ್ ತರಿಸಿದೆ. ಆರು ಕೊಳವೆ, ಎರಡು ಫ್ಯಾನ್. ಕೂಡಿಸಿ ಗಾಜಿನ ಬಾಗಿಲು ಮುಚ್ಚಲು ಹೋದರೆ ಮುಚ್ಚಲೊಲ್ಲದು. ಡಬ್ಬಿಯ ಮೇಲೆ ೧೫೮ ಎಂದು ಬರೆದಿತ್ತು, ಪಟ್ಟಿ ಹಿಡಿದು ಅಳೆದರೆ ೧೬೫. ಫ್ಯಾನ್ ಬಿಟ್ಟು ಅಳತೆ ಬರೆದಿದ್ದರು. ಕ್ಯಾಬಿನೆಟ್‌ನಲ್ಲಿ ಹಿಡಿಸುವುದು ೧೬೦. ಇಪ್ಪತ್ತೆಂಟು ವರ್ಷ ಕೈಯಲ್ಲಿ ಅಳತೆಪಟ್ಟಿ ಹಿಡಿದವನು ಡಬ್ಬಿಯ ಮೇಲಿನ ಅಕ್ಷರ ನಂಬಿದ್ದೆ. ಅದನ್ನು ಮರಳಿ ಕಳಿಸಿ, ಸ್ವಲ್ಪ ಗಿಡ್ಡನೆಯ ಇನ್ನೊಂದು ಜೋಡಿ ಟವರ್ ತರಿಸಲು ಮೂರು ದಿನ ಹೋದವು. ಆ ಮೂರು ದಿನ ರೇಣುಕಾ ಕೈಕಟ್ಟಿ ಕೂತಿದ್ದಳು. ಮೊದಲನೆಯ ಮದುವೆಯ ವಿಡಿಯೋ ನಾಲ್ಕು ದಿನ ತಡವಾಗಿ ಹುಕ್ಕೇರಿ ಮುಟ್ಟಿತು.

ಎರಡನೆಯ ಕೂಲರ್ ಅಂಗಡಿಯಲ್ಲಿ ೬೬ ಡಿಗ್ರಿ ತೋರಿಸಿತು. ತುಕ್ಕಾನಟ್ಟಿಯಲ್ಲಿ ೯೫.

ನಾನು ಫೋನಿನಲ್ಲಿ ಒಂದೊಂದಾಗಿ ಕೇಳುತ್ತ ಹೋದೆ. ಬಿಸಿಲು ಬೀಳುತ್ತದೆಯೇ? ಇಲ್ಲ. ಕಿಟಕಿ ತೆಗೆದಿದೆಯೇ? ತೆಗೆದಿದೆ. ಗೋಡೆಗೆ ಒತ್ತಿ ಇಟ್ಟಿದ್ದೀರಾ? ಇಲ್ಲ, ಒಂದು ಗೇಣು ಬಿಟ್ಟಿದ್ದೇವೆ. ಮೇಜಿನ ಮೇಲಿದೆಯೇ, ನೆಲದ ಮೇಲೆಯೇ? ಮೇಜಿನ ಮೇಲೆ. ಎಲ್ಲಕ್ಕೂ ಅವಳು ಖರೆ ಉತ್ತರ ಕೊಟ್ಟಳು. ಕೊನೆಗೆ ನಾನು ಕೇಳಬಾರದ್ದನ್ನು ಕೇಳಿದೆ.

“ಅಲ್ಲ ತಂಗಿ, ಇಲ್ಲಿ ಎಲ್ಲಾ ಬರೋಬ್ಬರಿ ಐತಿ. ಮನ್ಯಾಗ ನೀವು ಅದಕ ಏನ ಮಾಡ್ತೀರಿ?”

“ಕೆಲಸಾ ಮಾಡ್ತೇನ್ರಿ ಅಣ್ಣಾರ,” ಎಂದಳು. “ಮಾಡಾಕ ಬಿಟ್ರ.”

ಒಂದು ಸಲ ಬಂದು ನೋಡಿ ಎಂದೂ ಕೇಳಿದಳು. ಬೋರ್ಡ್ ಓದಿದ್ದೀಯಲ್ಲ ಎಂದೆ. ಅವಳು ಫೋನ್ ಇಟ್ಟಳು.

ಮೂರನೆಯ ಕೂಲರ್ ನೀರಿನದು. ಲಿಕ್ವಿಡ್ ಕೂಲರ್ ಎನ್ನುತ್ತಾರೆ. ಪ್ರೊಸೆಸರ್ ಮೇಲೆ ಒಂದು ಚಿಕ್ಕ ಪಂಪ್, ಅಲ್ಲಿಂದ ಎರಡು ರಬ್ಬರ್ ನಳಿಕೆ, ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ಫ್ಯಾನ್ ಹಚ್ಚಿದ ರೇಡಿಯೇಟರ್. ಮೋಟಾರು ಗಾಡಿಯ ಎಂಜಿನ್ ತಂಪಾಗುವ ರೀತಿಯೇ. ಮೊದಲಿನಿಂದ ನಾನು ಇದಕ್ಕೆ ವಿರೋಧ. ಪಂಪ್ ಕೆಟ್ಟರೆ ಹಳ್ಳಿಯಲ್ಲಿ ಯಾರು ನೋಡಬೇಕು? ಆದರೂ ತರಿಸಿದೆ. ಸೋಲಬಾರದು ಎನ್ನುವುದೊಂದೇ ಆಗ ತಲೆಯಲ್ಲಿತ್ತು. ಬರಲು ನಾಲ್ಕು ದಿನ, ಕೂಡಿಸಲು ಒಂದು ದಿನ. ಅಷ್ಟರಲ್ಲಿ ಬಸವ ಜಯಂತಿ ಬಂತು. ಆ ದಿನದ ಮುಹೂರ್ತಕ್ಕೆ ಊರೂರಿಗೆ ಮದುವೆ. ನಮ್ಮದು ಬಸವಣ್ಣನನ್ನು ನಂಬಿದ ಮನೆತನ, ಆ ದಿನ ನಾನು ಅಂಗಡಿ ತೆಗೆಯುವುದಿಲ್ಲ. ಬೀರಪ್ಪ ಬಂದು ಬಾಗಿಲು ಹಾಕಿದ್ದು ನೋಡಿ, ಮನೆ ಹುಡುಕಿಕೊಂಡು ಬಂದ. ಹಬ್ಬದ ಊಟ ಅರ್ಧಕ್ಕೆ ಬಿಟ್ಟು ಹೋಗಿ ಯಂತ್ರ ತೆಗೆದುಕೊಟ್ಟೆ. ಅಂಗಡಿಯಲ್ಲಿ ಅದು ೬೧ ಡಿಗ್ರಿ ತೋರಿಸಿತ್ತು. ಇನ್ನು ಬೆಂಕಿಯಲ್ಲಿಟ್ಟರೂ ಕಾಯುವುದಿಲ್ಲ ಎಂದು ಬೀರಪ್ಪನಿಗೆ ಹೇಳಿ ಕಳಿಸಿದೆ.

ಮೂರನೆಯ ದಿನ ಯಂತ್ರ ರೆಂಡರ್ ನಡುವೆ ಪೂರ್ತಿ ಬಂದ್ ಬಿತ್ತು. ಎರಡು ಸಲ.

ಈ ಸಲ ಅವರು ಯಂತ್ರ ತಂದು ಮೇಜಿನ ಮೇಲೆ ಇಟ್ಟಾಗ ಕಂಬಳಿ ಬಿಚ್ಚಲಿಕ್ಕೂ ನನಗೆ ಮನಸ್ಸಾಗಲಿಲ್ಲ. ವೋಲ್ಟೇಜ್ ಸರಿಯಿಲ್ಲ, ನಿಮ್ಮ ಊರಿನ ಕರೆಂಟಿನದೇ ದೋಷ, ದೊಡ್ಡ ಯುಪಿಎಸ್ ಹಾಕಿಸಿ ಎಂದು ಶುರು ಮಾಡಿದೆ. ರೇಣುಕಾ ಎಲ್ಲ ಕೇಳಿಸಿಕೊಂಡಳು. ಎರಡನೆಯ ವಿಡಿಯೋ ಒಂಬತ್ತು ದಿನ ತಡವಾಗಿತ್ತು, ಮೂರನೆಯದು ಇನ್ನೂ ಅರ್ಧ. ಹುಕ್ಕೇರಿಯಿಂದ ಸದಾಶಿವ ದಿನಾ ಫೋನ್ ಮಾಡುತ್ತಿದ್ದರು. ಅವಳು ಗೋಡೆಯ ಕಡೆ ನೋಡಿ ಕೇಳಿದಳು.

“ಅಣ್ಣಾರ, ನಿಮ್ಮ ಬೋರ್ಡ್ ದೊಡ್ಡದೋ, ನನ್ನ ಕೆಲಸಾ ದೊಡ್ಡದೋ? ಒಂದು ಹೇಳ್ರಿ. ಹೋಗಿಬಿಡ್ತೇನಿ.”

ಬೀರಪ್ಪ ತಂಗಿಯ ತೋಳು ಜಗ್ಗಿದ. ಅವರು ಯಂತ್ರ ಹೊತ್ತು ಹೋದ ಮೇಲೆ ಅರ್ಧ ದಿನ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಸಾಮಾನಿನ ಚೀಲ, ಮೀಟರ್, ಮೊದಲು ಬಿಚ್ಚಿಟ್ಟಿದ್ದ ಕೂಲರ್ ಕಟ್ಟಿಕೊಂಡು ಬೈಕ್ ಹತ್ತಿದೆ.

ತುಕ್ಕಾನಟ್ಟಿಯ ಅವರ ಮನೆಯ ಅಂಗಳದಲ್ಲಿ ರೇಣುಕಾಳ ತಾಯಿ ಮಾಯವ್ವ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿದವಳೇ ಒಳಗೆ ಹೋಗಿ, ಪಡಸಾಲೆಯಲ್ಲಿ ಒಂದು ಕಂಬಳಿ ಕೊಡವಿ ಹಾಸಿದಳು. ಕೂತ್ಕೋ ತಮ್ಮಾ ಎಂದಳು. ಕುರ್ಚಿಗಳಿದ್ದವು. ಆದರೂ ಕಂಬಳಿ. ನಾನು ಕೂತೆ, ಚಹಾ ಕುಡಿದೆ, ಯಂತ್ರ ಎಲ್ಲಿ ಎಂದೆ.

ರೇಣುಕಾಳ ಕೋಣೆಯಲ್ಲಿ ಕಿಟಕಿ ತೆಗೆದಿತ್ತು. ಮೇಜು ಗೋಡೆಯಿಂದ ಒಂದು ಗೇಣು ಈಚೆಗಿತ್ತು. ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿದ ಹೊಸ ಕರಿ ಕಂಬಳಿ, ಅದರ ತುದಿಗೆ ಭಂಡಾರ ಎನ್ನುವ ದೇವರ ಅರಿಸಿನದ ಪುಡಿ, ಅದರ ಮೇಲೆ ನನ್ನ ಯಂತ್ರ. ರಬ್ಬರ್ ಕಾಲುಗಳು ಉಣ್ಣೆಯಲ್ಲಿ ಪೂರ್ತಿ ಹೂತು, ಕ್ಯಾಬಿನೆಟ್ಟಿನ ಬುಡ ಕಂಬಳಿಗೆ ಅಂಟಿಕೊಂಡು ಕೂತಿತ್ತು.

ಏನಾಗಿದೆಯೆಂದು ತಿಳಿಯಲು ಮೀಟರ್ ಬೇಕಾಗಲಿಲ್ಲ. ಆದರೂ ನನ್ನ ಸಮಾಧಾನಕ್ಕೆ ರೆಂಡರ್ ಹಚ್ಚಿದೆ. ಹನ್ನೊಂದು ನಿಮಿಷಕ್ಕೆ ೯೫ ಮುಟ್ಟಿತು. ಬುಡದ ಮೂರು ಫ್ಯಾನ್‌ಗಳು ಗಾಳಿಯ ಬದಲು ಕಂಬಳಿಯನ್ನೇ ಮೇಲಕ್ಕೆ ಎಳೆಯುತ್ತಿದ್ದವು. ಒಳಗಿನ ಬಿಸಿ ಗಾಳಿಯೇ ಒಳಗೆ ಸುತ್ತುತ್ತಿತ್ತು. ಅದರಲ್ಲಿ ಯಾವ ಕೂಲರ್ ಇಟ್ಟರೂ ಅಷ್ಟೇ. ಕರೆಂಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆಯೂ ಬುಡದಿಂದಲೇ ಗಾಳಿ ಎಳೆಯುತ್ತದೆ. ಅದು ಕಾದು ತಾನೇ ಬಂದ್ ಬಿದ್ದಿತ್ತು. ವೋಲ್ಟೇಜ್ ಮೇಲೆ ನಾನು ಹೊರಿಸಿದ್ದು ಸುಳ್ಳು ಆರೋಪ. ಯಂತ್ರವನ್ನು ಎತ್ತಿ ಚೀಲದಲ್ಲಿದ್ದ ಎರಡು ಡಬ್ಬಿಗಳ ಮೇಲೆ ಇಟ್ಟೆ. ಹತ್ತು ನಿಮಿಷದಲ್ಲಿ ೬೭ಕ್ಕೆ ಇಳಿಯಿತು.

ಈಗ ಇದನ್ನು ಮಾಯವ್ವನಿಗೆ ಹೇಳುವುದು ಹೇಗೆ ಎಂಬ ಚಿಂತೆ ಹತ್ತಿತು. ಕುರಿ ಕಾಯುವ ಹಾಲುಮತದವರಿಗೆ ಕಂಬಳಿ ಎಂದರೆ ಬರೀ ಹಾಸಿಗೆಯಲ್ಲ, ದೇವರ ಗದ್ದುಗೆ. ಅದು ಬೇಡ, ತೆಗೆಯಿರಿ ಎಂದು ನಾನು ಹೇಗೆ ಹೇಳಲಿ? ಬಾಗಿಲಲ್ಲಿ ನಿಂತು ಅವಳೇ ಕೇಳಿದಳು, ಯಾಕೆ ಎತ್ತಿದೆ ಎಂದು.

“ಅವ್ವಾ, ಇದು ಬುಡದಿಂದ ಉಸಿರಾಡ್ತೈತ್ರಿ,” ಎಂದೆ. “ಕಂಬಳಿ ಅದರ ಮೂಗಿಗೆ ಅಡ್ಡ ಬಂದೈತಿ.”

ಅವಳು ಒಂದು ಗಳಿಗೆ ಯಂತ್ರವನ್ನು ನೋಡಿದಳು, ಆಮೇಲೆ ನನ್ನನ್ನು.

“ಮನಿಗೆ ಹೊಸಾದು ಬಂದ್ರ ಕಂಬಳಿ ಹಾಸಿ ಕುಂದರಸ್ತೇವಿ. ನಿನಗೂ ಹಾಸಿನಿ. ಉಸಿರು ಬುಡಕೈತಿ ಅಂತ ಕೊಟ್ಟಾವ ಹೇಳಬೇಕಿಲ್ಲೇನ ತಮ್ಮಾ? ಕುರಿ ಮಾರಾವನೂ ಅದರ ಗುಣಾ ಹೇಳಿ ಮಾರ್ತಾನ.”

ಅವಳು ಒಳಗಿನಿಂದ ಸಾಗವಾನಿಯ ಒಂದು ಮಣೆ ತಂದು ಕಂಬಳಿಯ ಮೇಲೆ ಇಟ್ಟಳು. ಮಣೆಯ ಮೇಲೆ ಯಂತ್ರ ಇಡಿಸಿದಳು. ಬುಡಕ್ಕೆ ಗಟ್ಟಿ ನೆಲೆ ಸಿಕ್ಕಿತು, ರಬ್ಬರ್ ಕಾಲು ಎದ್ದು ನಿಂತವು, ಕಂಬಳಿಯೂ ಅಲ್ಲೇ ಉಳಿಯಿತು. ಇಷ್ಟೇ ಕೆಲಸ. ಎರಡು ನಿಮಿಷ ಹಿಡಿಯಲಿಲ್ಲ.

ನನ್ನ ಹಟ ಅಲ್ಲಿಗೂ ಬಿಡಲಿಲ್ಲ. ನೀರಿನ ಕೂಲರ್ ಬಿಚ್ಚಿ, ಯುಗಾದಿಯಂದು ಕೊಟ್ಟಿದ್ದ ಮೊದಲಿನ ಕೂಲರನ್ನೇ ಕೂಡಿಸಿ ಒಂದು ತಾಸು ಓಡಿಸಿದೆ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ೭೫ ಡಿಗ್ರಿ. ಅಂದರೆ ಮೊದಲಿನದೇ ಸಾಕಿತ್ತು. ಸರಿಯಾದ ಕೂಲರ್ ಆರಿಸಿಯೂ ನಾನು ಅವಳ ಐದು ವಾರ ಹಾಳು ಮಾಡಿದ್ದೆ.

ಮಧ್ಯಾಹ್ನ ಮೂರನೆಯ ಮದುವೆಯ ರೆಂಡರ್ ಮೂವತ್ತೆಂಟು ನಿಮಿಷಕ್ಕೆ ಮುಗಿಯಿತು. ರೇಣುಕಾ ಫೈಲ್ ಕಳಿಸಿ ಹುಕ್ಕೇರಿಗೆ ಫೋನ್ ಮಾಡಿದಳು. ಉಳಿದ ಮೂರು ಮದುವೆಗಳನ್ನು ಹಿಂದಿನ ದಿನವೇ ಹತ್ತರಗಿಗೆ ಕೊಟ್ಟಾಗಿದೆ ಎಂದು ಸದಾಶಿವ ಹೇಳಿದರು. ಅವಳು ಫೋನ್ ಇಟ್ಟು ಪರದೆಯ ಕಡೆ ನೋಡುತ್ತ ಕೂತಳು. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಅಲ್ಲಿಂದ ಸೀದಾ ಹುಕ್ಕೇರಿಗೆ ಹೋದೆ. ಸದಾಶಿವರ ಸ್ಟುಡಿಯೋದಲ್ಲಿ ಗಿರಾಕಿಗಳ ಎದುರೇ ನಿಂತು, ತಪ್ಪು ಆ ಹುಡುಗಿಯದಲ್ಲ, ಯಂತ್ರ ಕಟ್ಟಿದ ನನ್ನದು ಎಂದು ಹೇಳಿದೆ. ಯಾರ ಎದುರೂ ಇಂಥ ಮಾತು ಆಡಿದವನಲ್ಲ ನಾನು. ಅವರು ಕುರ್ಚಿ ಕೊಟ್ಟು ಕೂಡಿಸಿ, ಪೂರ್ತಿ ಕೇಳಿದರು.

“ಖರೆ ಇರಬಹುದ್ರಿ,” ಎಂದರು. “ಆದ್ರ ಮದಿವಿ ಮನ್ಯಾವ್ರು ಬಂದು ಕೇಳೂದು ನನ್ನ. ಕೂಲರ್ ಅಂದ್ರ ಅವರಿಗೆ ಏನ ಗೊತ್ತು? ಕೊಟ್ಟ ಕೆಲಸಾ ಕಸಗೊಳ್ಳಾಕ ಬರೂದಿಲ್ರಿ ಈಗ.”

ಅವರು ಹೇಳಿದ್ದೂ ತಪ್ಪಲ್ಲ. ಹತ್ತರಗಿಯವನು ಆ ಮೂರನ್ನು ಹೊತ್ತಿಗೆ ಸರಿಯಾಗಿ ಕೊಟ್ಟ, ವರ್ಷದ ಕೆಲಸ ಅವನಿಗೆ ಹೋಯಿತು. ರೇಣುಕಾ ಜೂನ್‌ನಿಂದ ಮತ್ತೆ ಬಸ್ ಹತ್ತಿ ಗೋಕಾಕದ ಹಳೆಯ ಸ್ಟುಡಿಯೋಗೆ ಬರತೊಡಗಿದಳು. ಒಮ್ಮೊಮ್ಮೆ ನನ್ನ ಅಂಗಡಿಯ ಮುಂದಿನಿಂದಲೇ ಹಾದುಹೋಗುತ್ತಿದ್ದಳು. ನಾನು ತಲೆ ತಗ್ಗಿಸಿ ಮೇಜಿನ ಮೇಲಿನ ಯಾವುದಾದರೂ ಸ್ಕ್ರೂ ತಿರುವುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಮೂಡಲಗಿಯ ಇಬ್ಬರು ಫೋಟೋಗ್ರಾಫರ್‌ಗಳ ಕೆಲಸ ಸಿಕ್ಕಿ ಮನೆಯಲ್ಲೇ ಮತ್ತೆ ಶುರು ಮಾಡಿದಳು. ಕೆಲಸ ಮೊದಲು ಸಿಗಬೇಕಿದ್ದದ್ದರ ಅರ್ಧದಷ್ಟೂ ಇಲ್ಲ. ಥರ್ಮಲ್ ಪೇಸ್ಟ್ ಹಚ್ಚುವುದನ್ನು ತಾನೇ ಕಲಿತಿದ್ದಾಳೆಂದು ಬೀರಪ್ಪ ಹೇಳಿದ. ನನ್ನ ಹತ್ತಿರ ಬರುವುದಿಲ್ಲ.

ತುಕ್ಕಾನಟ್ಟಿಯಿಂದ ಬಂದ ದಿನವೇ ಬೋರ್ಡ್ ಕಿತ್ತೆ ಎಂದು ಬರೆದರೆ ಸುಳ್ಳಾಗುತ್ತದೆ. ಮತ್ತೆ ನಾಲ್ಕು ತಿಂಗಳು ಅದು ಗೋಡೆಯ ಮೇಲೇ ಇತ್ತು. ಆಮೇಲೆ ದಡ್ಡಿಯ ಒಬ್ಬ ಮಾಸ್ತರರ ಕಂಪ್ಯೂಟರ್ ಪದೇಪದೇ ಕೆಟ್ಟಿತು. ಅವರು ಯಂತ್ರ ಹೊತ್ತು ತರುವ ಮೊದಲೇ ನಾನೇ ಬರುತ್ತೇನೆ ಎಂದುಬಿಟ್ಟೆ. ಅವರ ಮನೆಯಲ್ಲಿ ಅದು ಹಿಟ್ಟಿನ ಗಿರಣಿಯ ಗೋಡೆಗೆ ಹೊಂದಿ ಇತ್ತು, ಕೂಲರಿನ ಸಂದುಸಂದಿನಲ್ಲಿ ಜೋಳದ ಹಿಟ್ಟು. ಬೋರ್ಡ್ ತೆಗೆದದ್ದು ಆ ವಾರ.

ಹೊಸದಾಗಿ ಕಂಪ್ಯೂಟರ್ ಕಟ್ಟಿಕೊಳ್ಳುವವರು ಕೂಲರ್ ಬಗ್ಗೆ ಕೇಳಿದರೆ ಈಗಲೂ ಅದೇ ಮೂರು ಸಂಗತಿ ಹೇಳುತ್ತೇನೆ. ವ್ಯಾಟ್ ನೋಡಿ, ಫ್ಯಾನ್ ಸಮೇತ ಎತ್ತರ ನೀವೇ ಅಳೆಯಿರಿ, ರ‍್ಯಾಮ್‌ಗೆ ತಾಗದಂತೆ ನೋಡಿ. ಅದಕ್ಕಿಂತ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಇದನ್ನು ಮನೆಯಲ್ಲಿ ಎಲ್ಲಿ, ಯಾವುದರ ಮೇಲೆ ಇಡುತ್ತೀರಿ? ಉತ್ತರ ಕೇಳಿ ಸುಮ್ಮನಾಗುವುದಿಲ್ಲ, ಹೋಗಿ ನೋಡುತ್ತೇನೆ. ಯಂತ್ರದ ಗುಣ ಕೊಟ್ಟವನಿಗೆ ಗೊತ್ತಿರುತ್ತದೆ, ಮನೆಯ ರೀತಿ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ. ಇಬ್ಬರೂ ಒಂದೇ ಕೋಣೆಯಲ್ಲಿ ನಿಲ್ಲದೆ ಎಂಥ ಕೂಲರ್ ತಂದರೂ ಪ್ರಯೋಜನವಿಲ್ಲ. ನನ್ನ ಕೆಲಸದಲ್ಲಿ ಇದನ್ನು ಕಲಿಯಲು ನನಗೆ ಇಪ್ಪತ್ತೆಂಟು ವರ್ಷ ಹಿಡಿಯಿತು, ಬೇರೆಯವರ ಒಂದು ಹಂಗಾಮು ಹೋಯಿತು.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ಗೋಕಾಕದಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಬಾಡಿಗೆ ಅಂಗಡಿ ಒಂದು. ಓದುತ್ತಿರುವ ಹೆಣ್ಣುಮಕ್ಕಳು ಇಬ್ಬರು. ಒಳಗೆ ಕೂತು ಚಹಾ ಕುಡಿದು ಯಂತ್ರ ಇಟ್ಟ ಜಾಗ ನೋಡಿ ಬಂದ ಮನೆಗಳು ಮೂವತ್ತೇಳು: ಗೋಕಾಕ ತಾಲೂಕಿನಲ್ಲಿ ಹತ್ತೊಂಬತ್ತು, ಮೂಡಲಗಿಯಲ್ಲಿ ಹನ್ನೆರಡು, ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಆರು. ಎಲ್ಲರೆದುರು ತಪ್ಪು ಒಪ್ಪಿಕೊಂಡು ಬಂದ ಹುಕ್ಕೇರಿ ಪಟ್ಟಣದಲ್ಲಿ ಈಗ ಗಿರಾಕಿ ಒಬ್ಬರೂ ಇಲ್ಲ.